ಹಕ್ಕಿಯ ತಲೆ, ಸೂಟು ತೊಟ್ಟ ಮೈ: ಈ ಚಿತ್ರಗಳು ನಮ್ಮನ್ನೇಕೆ ಅಂಜಿಸುತ್ತವೆ?

(ತೆರೆಯ ಮೇಲೆ: ಕಿನ್ನಾಳದ ಗರುಡ)

ನಮಸ್ಕಾರ. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಈ ಗರುಡನಿಗೆ ಮನುಷ್ಯನ ಮೈ, ಹಕ್ಕಿಯ ಕೊಕ್ಕು. ಇವನನ್ನು ಕಂಡು ಅತ್ತ ಮಗುವನ್ನು ನಾನು ನೋಡಿಲ್ಲ. ನಮ್ಮ ಪಡಸಾಲೆಯಲ್ಲಿದ್ದ ಕಾಮಧೇನುವಿಗೂ ಹೆಣ್ಣಿನ ಮುಖ, ಆಕಳ ಮೈ, ಎರಡು ರೆಕ್ಕೆ. ಬಾಲ್ಯದಲ್ಲಿ ಅದರ ಪಕ್ಕದಲ್ಲೇ ನಿಶ್ಚಿಂತೆಯಿಂದ ಮಲಗುತ್ತಿದ್ದೆ.

ಹೀಗೆ ಬೆಳೆದ ನಾನು, ಜರ್ಮನಿಯಲ್ಲಿ ಹುಟ್ಟಿದ ಕಲಾವಿದ ಮ್ಯಾಕ್ಸ್ ಎರ್ನ್‌ಸ್ಟ್ 1934ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟಿಸಿದ ‘ಯೂನ್ ಸೆಮೆನ್ ದ ಬೋಂತೆ’, ಅಂದರೆ ‘ಒಳ್ಳೆಯತನದ ಒಂದು ವಾರ’ ಎಂಬ ಕೊಲಾಜ್ (ಬೇರೆ ಬೇರೆ ಚಿತ್ರಗಳ ತುಣುಕು ಅಂಟಿಸಿ ಕಟ್ಟಿದ ಚಿತ್ರಗಳ) ಕೃತಿಯನ್ನು ಮೊದಲ ಸಲ ತೆರೆದಾಗ, ಸೂಟು ತೊಟ್ಟ ಗಂಡಸಿನ ಕುತ್ತಿಗೆಯ ಮೇಲೆ ಹಕ್ಕಿಯ ತಲೆಯನ್ನು ಕಂಡು ಪುಸ್ತಕವನ್ನೇ ಮುಚ್ಚಿಬಿಟ್ಟೆ.

ಅದೇ ಚಿತ್ರವನ್ನು ಅವ್ವನಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: “ಅಲ್ಲಿ ಕುಂತೋರಿಗೆ ಅವನ ತಲಿ ಕಾಣಂಗಿಲ್ಲೇನು?”

ನನ್ನ ಅಂಜಿಕೆಯ ಮೂಲ ಆ ಪ್ರಶ್ನೆಯಲ್ಲಿತ್ತು. ಗರುಡನ ಸುತ್ತ ನಾವು ಕೇಳಿ ಬೆಳೆದ ಕಥೆಯಿದೆ, ಅವನ ಕೊಕ್ಕಿಗೆ ಅಲ್ಲೊಂದು ಕಾರಣವಿದೆ. ಎರ್ನ್‌ಸ್ಟ್ ಅವರ ಹಕ್ಕಿಮನುಷ್ಯ ಯಾವ ಕಾರಣವನ್ನೂ ಹೇಳದೆ ಪರದೆ, ಕುರ್ಚಿ, ಕನ್ನಡಿಗಳಿರುವ ಸಾಮಾನ್ಯ ಕೋಣೆಯೊಳಗೆ ಬಂದು ನಿಲ್ಲುತ್ತಾನೆ. ಮನೆಯಂತೆ ಪರಿಚಿತವಾದದ್ದೇ ಅಪರಿಚಿತವಾಗಿ ಎದುರಾದಾಗ ಹುಟ್ಟುವ ಈ ಭಯದ ಬಗ್ಗೆಯೇ ಮನೋವಿಶ್ಲೇಷಕ ಫ್ರಾಯ್ಡ್ 1919ರಲ್ಲಿ ಒಂದು ಪ್ರಬಂಧ ಬರೆದಿದ್ದರು.

(ತೆರೆಯ ಮೇಲೆ: ಕತ್ತರಿ, ಹಳೆಯ ಅಚ್ಚುಚಿತ್ರ)

ಚಿತ್ರಗಳನ್ನು ಕಟ್ಟಿದ ರೀತಿಯೂ ಈ ಭಯವನ್ನು ಹೆಚ್ಚಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಜನಪ್ರಿಯ ಕಾದಂಬರಿಗಳಲ್ಲಿ, ಪತ್ರಿಕೆಗಳಲ್ಲಿ ಮರದಚ್ಚಿನಿಂದ ಮುದ್ರಿಸಿದ್ದ ಚಿತ್ರಗಳನ್ನು ಎರ್ನ್‌ಸ್ಟ್ ಕತ್ತರಿಸಿ ಅಂಟಿಸಿದರು. ತಲೆಯ ಗೆರೆಗಳೂ ಮೈಯ ಗೆರೆಗಳೂ ಒಂದೇ ಬಗೆಯ ಕೆತ್ತನೆಯವಾದ್ದರಿಂದ, ಮರುಮುದ್ರಣದಲ್ಲಿ ಕಾಗದದ ಅಂಚು ಮರೆಯಾಗಿ, ಜೋಡಣೆಯ ಗುರುತೇ ಉಳಿಯಲಿಲ್ಲ. ಅಂಟು ಕಂಡಿದ್ದರೆ ‘ಇದು ಬರೀ ಕಾಗದ’ ಎಂದು ಮನಸ್ಸು ಸಮಾಧಾನಪಟ್ಟುಕೊಳ್ಳುತ್ತಿತ್ತು. ಇಲ್ಲಿರುವ 182 ಚಿತ್ರಗಳಲ್ಲಿ ಹೆಣ್ಣಿನ ಮೇಲಿನ ಹಿಂಸೆಯನ್ನು ತೋರಿಸುವಂಥವೂ ಇವೆ. ಅವುಗಳನ್ನು ಈಗಲೂ ನಾನು ಹೆಚ್ಚು ಹೊತ್ತು ನೋಡಲಾರೆ, ಹಾಗೆ ನೋಡಲಾಗದಿರುವುದು ರಸಿಕತೆಯ ಕೊರತೆ ಎಂದೂ ಒಪ್ಪಲಾರೆ.

ಎರ್ನ್‌ಸ್ಟ್ ಹುಡುಗನಾಗಿದ್ದಾಗ ಅವರ ಮುದ್ದಿನ ಕಾಕಟೂ ಗಿಳಿ ಸತ್ತ ಹೊತ್ತಿನಲ್ಲೇ ತಂಗಿ ಹುಟ್ಟಿದ ಸುದ್ದಿ ಬಂತಂತೆ. ಅಂದಿನಿಂದ ಹಕ್ಕಿಯೂ ಮನುಷ್ಯರೂ ತಮ್ಮ ಮನಸ್ಸಿನಲ್ಲಿ ಬೆರೆತುಹೋದರೆಂದು ಅವರೇ ಹೇಳಿಕೊಂಡಿದ್ದಾರೆ. ಇದನ್ನು ತಿಳಿದ ಮೇಲೂ ನನ್ನ ಅಂಜಿಕೆ ಪೂರ್ತಿ ಹೋಗಿಲ್ಲ. ಆದರೆ ಪುಸ್ತಕವನ್ನು ಈಗ ಮುಚ್ಚುವುದಿಲ್ಲ, ಕೊಕ್ಕಿನ ಮೇಲೆ ಕಣ್ಣು ನಿಂತಾಗ ಸತ್ತ ಗಿಳಿಯನ್ನು ಹಿಡಿದ ಹುಡುಗನ ನೆನಪಾಗುತ್ತದೆ.