ನಡುವೆ ಹುಟ್ಟಿ ಅಂಚಿಗೆ ಸರಿಯುವ ನೆಲ

ಎಲ್ಲರಿಗೂ ನಮಸ್ಕಾರ.

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಅಲ್ಲಿ ಯಾರೋ ಕೆತ್ತಿ ನಿಲ್ಲಿಸಿದ ಹಾಗೆ ಮೂಲೆಮೂಲೆಯ ಕಲ್ಲುಕಂಬಗಳಿವೆ, ಅಲ್ವಾ? ಕೆರೆ ಬತ್ತಿದಾಗ ಕೆಸರು ಒಣಗಿ ಬಿರಿಯುತ್ತದೆ. ಲಾವಾ ತಣಿದು ಕುಗ್ಗುವಾಗಲೂ ಹಾಗೇ ಬಿರಿಯುತ್ತದೆ. ಆ ಬಿರುಕು ಆಳಕ್ಕೆ ಇಳಿದಾಗ ಕಂಬಗಳಾಗುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ಅದು. ನಮ್ಮ ಕರಾವಳಿಯಲ್ಲಿ ಆ ಕೆಲಸ ಎಂದೋ ಮುಗಿದಿದೆ. ಈಗಲೂ ನಡೆಯುತ್ತಿರುವುದನ್ನು ನೋಡಬೇಕಾದರೆ ಐಸ್‌ಲ್ಯಾಂಡಿನ ಕಡೆ ತಿರುಗಬೇಕು.

ಅಟ್ಲಾಂಟಿಕ್ ಸಾಗರದ ನಟ್ಟನಡುವೆ, ನೀರಿನ ಅಡಿಯಲ್ಲಿ, ಉದ್ದಕ್ಕೂ ಒಂದು ಬೆಟ್ಟಸಾಲು ಇದೆ. ಭೂಮಿಯ ಗಟ್ಟಿ ಹೊರಪದರ ದೊಡ್ಡ ದೊಡ್ಡ ತುಂಡುಗಳಾಗಿದೆ, ಅವೇ ಫಲಕಗಳು. ಐಸ್‌ಲ್ಯಾಂಡಿನ ಹತ್ತಿರ ಈ ಬೆಟ್ಟಸಾಲಿನ ಪಶ್ಚಿಮಕ್ಕೆ ಉತ್ತರ ಅಮೆರಿಕದ ಫಲಕ, ಪೂರ್ವಕ್ಕೆ ಯುರೇಷಿಯಾದ ಫಲಕ. ಅಲ್ಲಿ ಇವೆರಡೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರವಾಗುತ್ತಿವೆ. ಹಾಲು ಕಾಯುವಾಗ ಕೆನೆ ಬಿರಿದು, ಆ ಸಂದಿಯಲ್ಲಿ ಹಾಲು ಮೇಲೆ ಬರುವುದನ್ನು ನೋಡಿದ್ದೀರಲ್ಲ, ಸ್ವಲ್ಪ ಹಾಗೆ. ಪೂರ್ತಿ ಹಾಗಲ್ಲ. ಕೆಳಗಿರುವುದು ಹಾಲಿನಂಥ ದ್ರವವಲ್ಲ, ಕಾದ ಗಟ್ಟಿ ಬಂಡೆ. ಅದು ಮೇಲೇರಿ ಒತ್ತಡ ತಗ್ಗಿದಾಗ ಒಂದಷ್ಟು ಭಾಗ ಮಾತ್ರ ಕರಗುತ್ತದೆ.

ಈ ಬೆಟ್ಟಸಾಲಿನ ಬಹುಪಾಲು ನೀರಿನೊಳಗೇ ಇದೆ. ಐಸ್‌ಲ್ಯಾಂಡ್ ಮಾತ್ರ ಯಾಕೆ ತಲೆ ಎತ್ತಿತು? ಅಲ್ಲಿ ಫಲಕಗಳ ಬಿರುಕಿನ ಜೊತೆಗೆ, ಆಳದಿಂದ ಹೆಚ್ಚು ಬಿಸಿಯಾದ ಬಂಡೆ ಏರಿ ಬರುವ ಜಾಗವೂ ಕೂಡಿಕೊಂಡಿದೆ. ಹಾಗಾಗಿ ಲಾವಾ ಜಾಸ್ತಿ. ಸುರಿದು ಸುರಿದು 1 ಲಕ್ಷ ಚದರ ಕಿಲೋಮೀಟರಿಗೂ ದೊಡ್ಡ ನೆಲವಾಯಿತು.

ದ್ವೀಪ ಹರಿದು ಎರಡಾಗುತ್ತಿದೆ ಎಂದು ಟಿವಿಯಲ್ಲಿ ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹರಿದ ಜಾಗವನ್ನು ಲಾವಾ ತುಂಬುತ್ತಲೇ ಇದೆಯಲ್ಲ! ನೆಲ ನಡುವೆ ಹುಟ್ಟಿ ಎರಡೂ ಕಡೆಗೆ ಸರಿಯುತ್ತದೆ. ಅದಕ್ಕೇ ಅಲ್ಲಿನ ಹಳೆಯ ಕಲ್ಲುಗಳು ಪೂರ್ವ, ಪಶ್ಚಿಮದ ಅಂಚುಗಳಲ್ಲಿವೆ. ಅವಕ್ಕೂ ಹೆಚ್ಚೆಂದರೆ 1.6 ಕೋಟಿ ವರ್ಷ. ನಮ್ಮ ಮಲ್ಪೆಯ ಕಂಬಗಳ ಮುಂದೆ ಕೂಸು.

ಥಿಂಗ್‌ವೆಟ್ಲಿರ್ ಎಂಬ ಕಣಿವೆಯಲ್ಲಿ ಕ್ರಿ.ಶ. 930ರಲ್ಲಿ ಆ ನಾಡಿನ ಮೊದಲ ಸಂಸತ್ತು ಸೇರಿತು. ಅಂದಿನಿಂದ ಲೆಕ್ಕ ಹಾಕಿದರೆ ಎರಡು ಫಲಕಗಳು ಸುಮಾರು 22 ಮೀಟರ್ ದೂರವಾಗಿವೆ, ಅಂದರೆ ಎರಡು ಬಸ್ಸು ನಿಲ್ಲಿಸುವಷ್ಟು. ಇದೆಲ್ಲ ಆ ಒಂದೇ ಕಣಿವೆಯಲ್ಲಿ ಆಗಿದ್ದಲ್ಲ, ಬೇರೆ ಬಿರುಕುಗಳಿಗೂ ಪಾಲು ಹೋಗಿದೆ. ಪ್ರವಾಸಿಗಳು ಅಲ್ಲೊಂದು ಬಿರುಕಿನ ಆಚೆ ಈಚೆ ಕಾಲಿಟ್ಟು, ಒಂದು ಕಾಲು ಅಮೆರಿಕದಲ್ಲಿ, ಇನ್ನೊಂದು ಯುರೋಪಿನಲ್ಲಿ ಎಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಸುಮ್ನೆ ಖುಷಿಗೆ! ಆ ಬಿರುಕಿನ ಪಟ್ಟಿಯೇ ಹಲವು ಕಿಲೋಮೀಟರ್ ಅಗಲ ಇದೆ.

ಇನ್ನು ಸುರ್ಟ್‌ಸೇ ಎಂಬ ದ್ವೀಪದ ಕಥೆ. 1963ರ ನವೆಂಬರ್ 14ರ ಬೆಳಿಗ್ಗೆ ದಕ್ಷಿಣದ ಕಡಲಲ್ಲಿ ಹೊಗೆ ಕಂಡಾಗ, ಯಾವುದೋ ಹಡಗಿಗೆ ಬೆಂಕಿ ಬಿದ್ದಿದೆ ಅಂದುಕೊಂಡು ಒಂದು ಮೀನುಗಾರಿಕೆ ದೋಣಿ ಹತ್ತಿರ ಹೋಯಿತು. ನೋಡಿದರೆ ಕಡಲೇ ಕುದಿಯುತ್ತಿತ್ತು. ಮರುದಿನದ ಹೊತ್ತಿಗೆ ಹೊಸ ದ್ವೀಪವೇ ತಲೆ ಎತ್ತಿತ್ತು. ಶುರುವಿನಲ್ಲಿ ಎದ್ದದ್ದು ಬರೀ ಬೂದಿ, ಪುಡಿ. ಅಷ್ಟೇ ಆಗಿದ್ದರೆ ಅಲೆಗಳು ಬೇಗನೆ ಕೊಚ್ಚಿಬಿಡುತ್ತಿದ್ದವು. ಆಮೇಲೆ ಲಾವಾ ಹರಿದು ಮೇಲೆ ಗಟ್ಟಿ ಹೊದಿಕೆ ಬಿತ್ತು, ದ್ವೀಪ ಉಳಿಯಿತು. ಆದರೂ ಕಡಲು ಬಿಟ್ಟಿಲ್ಲ. 1967ರಲ್ಲಿ ಸುಮಾರು 2.7 ಚದರ ಕಿಲೋಮೀಟರ್ ಇದ್ದದ್ದು ಈಗ ಹತ್ತಿರ ಹತ್ತಿರ ಅರ್ಧವಾಗಿದೆ.

ಅದರ ಪಕ್ಕದಲ್ಲೇ ಹೇಮಾಯ್ ಎಂಬ ದ್ವೀಪ, ಆಗ ಸುಮಾರು 5,300 ಜನರಿದ್ದ ಮೀನುಗಾರರ ಊರು. 1973ರ ಜನವರಿ 23ರ ನಡುರಾತ್ರಿ ಕಳೆದ ಮೇಲೆ ಊರಿನ ಅಂಚಿನಲ್ಲೇ ನೆಲ ಉದ್ದಕ್ಕೆ ಸೀಳಿ ಬೆಂಕಿಯ ಗೋಡೆ ಎದ್ದಿತು. ಹಿಂದಿನ ದಿನ ಬಿರುಗಾಳಿ ಇದ್ದದ್ದರಿಂದ ದೋಣಿಗಳೆಲ್ಲ ಬಂದರಿನಲ್ಲೇ ಇದ್ದವು. ಆ ರಾತ್ರಿಯೇ ಬಹುತೇಕ ಊರೆಲ್ಲ ದೋಣಿ ಹತ್ತಿತು.

ಮನೆಗಳು ಹೋದವು, ಹೆಚ್ಚುಕಡಿಮೆ 400. ಆದರೆ ಜನಕ್ಕೆ ಮನೆಗಿಂತ ದೊಡ್ಡ ಚಿಂತೆ ಬಂದರಿನದು. ಲಾವಾ ನಿಧಾನಕ್ಕೆ ಅದರ ಬಾಯಿಯ ಕಡೆಗೇ ಬರುತ್ತಿತ್ತು. ಬಂದರು ಮುಚ್ಚಿದರೆ ಕಸುಬೇ ಮುಚ್ಚಿದಂತೆ. ಅದಕ್ಕೆ ಪಂಪು ತಂದು, ಲಾವಾದ ಬೆನ್ನ ಮೇಲೇ ಪೈಪು ಹಾಸಿ, ತಿಂಗಳುಗಟ್ಟಲೆ ಕಡಲ ನೀರು ಸುರಿದರು. ಸುಮಾರು 60 ಲಕ್ಷ ಟನ್! ತಣಿದ ಲಾವಾ ಗಟ್ಟಿಯಾಗಿ, ಹಿಂದಿನಿಂದ ಬರುವುದಕ್ಕೆ ತಾನೇ ಗೋಡೆಯಾಯಿತು.

ಜುಲೈಗೆ ಎಲ್ಲ ನಿಂತಾಗ ದ್ವೀಪ 2 ಚದರ ಕಿಲೋಮೀಟರಿನಷ್ಟು ಬೆಳೆದಿತ್ತು. ಬಂದರಿನ ಬಾಯಿ ಕಿರಿದಾಗಿ, ದೋಣಿಗಳಿಗೆ ಮೊದಲಿಗಿಂತ ಒಳ್ಳೆಯ ಮರೆ ಸಿಕ್ಕಿತು. ಹೆಚ್ಚಿನವರು ವಾಪಸ್ ಬಂದರು. ಗುಡಿಸಿ ತೆಗೆದ ಬೂದಿಪುಡಿಯನ್ನು ವಿಮಾನದ ರನ್‌ವೇ ಉದ್ದ ಮಾಡಲು ಹಾಕಿದರು. ಲಾವಾದ ಒಳಗೆ ಬಿಸಿ ಇನ್ನೂ ಇತ್ತು. ಅದರಿಂದ ನೀರು ಕಾಯಿಸಿ, ಹಲವು ವರ್ಷ ಊರಿನ ಮನೆಗಳನ್ನು ಬೆಚ್ಚಗಿಟ್ಟರು.