ರೈಫಲ್ಲಿನ ಮರ

ನಮಸ್ಕಾರ ಕೇಳುಗರೆ.

ಹೋದ ತಿಂಗಳು ನಮ್ಮ ಓಣಿಯ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ಮನೆಗೆ ಬಂದ. ಒಂದು ಚಿತ್ರ ತೋರಿಸಿ, "ಮಾವ, ಅಜ್ಜನ ರೈಫಲ್ಲಿಗೆ ಈ ಥರದ್ದು ಹಾಕಿಸಿದ್ರೆ ಹೆಂಗಿರುತ್ತೆ?" ಅಂದ. ಹಿಂದೆ ಭುಜಕ್ಕೆ ಒತ್ತುವ ಕಡೆ ಕಪ್ಪು ಪ್ಲಾಸ್ಟಿಕ್ಕಿನ ಬಟ್, ಮುಂದೆ ಕೈ ಹಿಡಿಯುವ ಜಾಗಕ್ಕೂ ಕಪ್ಪು ಪ್ಲಾಸ್ಟಿಕ್. ಸಿನಿಮಾದಲ್ಲಿ ಹೀರೋ ಹಿಡಿದುಕೊಂಡು ಓಡುತ್ತಾನಲ್ಲ, ಆ ಥರ.

ಅವರ ಅಜ್ಜನದು .315 ಸ್ಪೋರ್ಟಿಂಗ್ ರೈಫಲ್. ಹೊಳಲ್ಕೆರೆ ಕಡೆ ಅವರ ಹೊಲಕ್ಕೆ ಹಂದಿ ಕಾಟ. ಬೆಳೆ ಕಾಯಲಿಕ್ಕೆ ಅಂತ ತೆಗೆದುಕೊಂಡ ಲೈಸೆನ್ಸ್. ಈಗ ಹುಡುಗನ ಅಪ್ಪನ ಹೆಸರಿಗಿದೆ. ಮರ ಕಪ್ಪಿಟ್ಟಿದೆ, ಅಲ್ಲಲ್ಲಿ ತಗ್ಗು ಬಿದ್ದಿದೆ. ಹುಡುಗನಿಗೆ ಅದು ಗುಜರಿ ಸಾಮಾನಿನ ಹಾಗೆ ಕಂಡರೆ ಆಶ್ಚರ್ಯವೇನಿಲ್ಲ.

ನನ್ನನ್ನೇ ಯಾಕೆ ಕೇಳಿದ ಅಂದ್ರೆ, ನಾನು ಸೇನೆಯಲ್ಲಿ ಆರ್ಮರರ್ ಆಗಿದ್ದವನು. ಬಂದೂಕು ರಿಪೇರಿಯವನು. ಅದಕ್ಕೂ ಮೊದಲು ಬಡಗಿಯ ಮಗ. ಅಪ್ಪ ಚಳ್ಳಕೆರೆ ಹತ್ತಿರದ ಹಳ್ಳಿಯಲ್ಲಿ ನೇಗಿಲು, ಕುಂಟೆ, ಗಾಡಿಯ ಗಾಲಿ ಮಾಡುತ್ತಿದ್ದರು. ಕಬ್ಬಿಣಕ್ಕೆ ಮರ ಕೂರಿಸುವುದನ್ನು ನಾನು ಮೊದಲು ನೋಡಿದ್ದು ಅವರ ಹತ್ತಿರವೇ. ಹುಡುಗನಿಗೆ ಅವತ್ತು ಅರ್ಧ ಉತ್ತರ ಕೊಟ್ಟಿದ್ದೆ. ಉಳಿದರ್ಧ ಇವತ್ತು ಹೇಳುತ್ತೇನೆ. ಅವನು ರೇಡಿಯೋ ಹಾಕಿಕೊಂಡಿದ್ದರೆ ಒಳ್ಳೆಯದು.

ಬಂದೂಕಿನಲ್ಲಿ ಕೈಗೆ, ಭುಜಕ್ಕೆ, ಕೆನ್ನೆಗೆ ತಾಗುವ ಭಾಗಗಳಿಗೆ ಇಂಗ್ಲಿಷಿನಲ್ಲಿ ಫರ್ನಿಚರ್ ಅಂತಲೇ ಹೆಸರು. ಕುರ್ಚಿ ಮೇಜಿಗೂ ಅದೇ ಮಾತು, ಇದಕ್ಕೂ ಅದೇ ಮಾತು. ಹಾಗಾಗಿ ಇದೇನೋ ಅಂದಕ್ಕೆ ಕೂರಿಸಿದ್ದು, ಬೇಸರವಾದರೆ ಸೋಫಾ ಬದಲಾಯಿಸಿದ ಹಾಗೆ ಬದಲಾಯಿಸಬಹುದು ಅನ್ನಿಸುತ್ತೆ. ಕೆಲವು ಬಂದೂಕುಗಳಲ್ಲಿ ಅದು ನಿಜ. ನಮ್ಮ ಹಳೇ ರೈಫಲ್ಲಿನಲ್ಲಿ ಮಾತ್ರ ಅಲ್ಲವೇ ಅಲ್ಲ. ಅಲ್ಲಿ ಮರವೂ ಒಂದು ಯಂತ್ರಭಾಗ.

ಹಳೇ ರೈಫಲ್ ಅಂದ್ರೆ ಯಾವುದು? ಸರ್ಕಾರಿ ಗೌರವದ ಅಂತ್ಯಕ್ರಿಯೆಗಳಲ್ಲಿ ಪೊಲೀಸರು ಸಾಲಾಗಿ ನಿಂತು ಕುಶಾಲತೋಪು ಹಾರಿಸುತ್ತಾರಲ್ಲ, ಅಲ್ಲಿ ಎಷ್ಟೋ ವರ್ಷ ನೀವು ನೋಡಿದ್ದು ಅದನ್ನೇ. ನಳಿಗೆಯ ತುದಿಯವರೆಗೂ ಮರ ಹೊದ್ದುಕೊಂಡ ಉದ್ದನೆಯ ರೈಫಲ್. ಲೀ ಎನ್‌ಫೀಲ್ಡ್. ನಮ್ಮ ಬಾಯಲ್ಲಿ ತ್ರೀ ನಾಟ್ ತ್ರೀ. ಅದರ ಮಾರ್ಕ್ ಥ್ರೀ ಮಾದರಿ ಬ್ರಿಟಿಷ್ ಸೇನೆಗೆ ಬಂದಿದ್ದು 1907ರಲ್ಲಿ. ತೂಕ ಸುಮಾರು 4 ಕಿಲೋ. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ನಮ್ಮಲ್ಲೇ ತಯಾರಾಯಿತು. 1962ರಲ್ಲಿ ಚೀನಾದ ಎದುರು ನಮ್ಮ ಸೈನಿಕರ ಕೈಯಲ್ಲಿ ಇದ್ದದ್ದೂ ಇದೇ. ಹುಡುಗನ ಅಜ್ಜನ .315 ಕೂಡ ಇದೇ ಮನೆತನದ್ದು. ತ್ರೀ ನಾಟ್ ತ್ರೀ ಸಾಮಾನ್ಯ ಜನ ಇಟ್ಟುಕೊಳ್ಳುವ ಹಾಗಿಲ್ಲ, ಅದು ನಿಷೇಧಿತ ಬೋರ್, ಅಂದ್ರೆ ಆ ಅಳತೆಯ ನಳಿಗೆ ಜನರಿಗೆ ನಿಷಿದ್ಧ. ಅದಕ್ಕೇ ನಾಗರಿಕರಿಗೆ ಅಂತ .315 ಮಾಡಿದರು.

ಈ ರೈಫಲ್ಲಿನ ಮರ ಒಂದೇ ತುಂಡಲ್ಲ. ಹಿಂದೆ ಭುಜಕ್ಕೆ ಒತ್ತುವ ಬಟ್ ಬೇರೆ, ನಳಿಗೆಯ ಕೆಳಗಿನ ಫೋರ್‌ಎಂಡ್ ಬೇರೆ. ಬಟ್ಟಿನೊಳಗೆ ಉದ್ದಕ್ಕೂ ಒಂದು ಬೋಲ್ಟ್ ಹಾದು ಬಂದು ಕಬ್ಬಿಣಕ್ಕೆ ಕಚ್ಚುತ್ತೆ. ಬಟ್ಟಿನಲ್ಲಿ ಗಿಡ್ಡ, ಮಧ್ಯಮ, ಉದ್ದ ಅಂತ ಅಳತೆಗಳೂ ಇದ್ದವು. ತೋಳು ಉದ್ದ ಇದ್ದವನಿಗೆ ಉದ್ದದ್ದು. ದರ್ಜಿ ಅಂಗಿ ಹೊಲಿದ ಹಾಗೆ.

ನಾನು ಹೊಸದಾಗಿ ಕೆಲಸ ಕಲಿಯುತ್ತಿದ್ದಾಗ, 1980ರ ದಶಕದಲ್ಲಿ, ಒಂದು ಬಟ್ ಸಡಿಲ ಆಗಿದೆ ಅಂತ ರೈಫಲ್ ಬಂತು. ನಾನು ಬಡಗಿಯ ಮಗ, ಇದೇನು ದೊಡ್ಡ ಕೆಲಸ ಅಂತ ಉದ್ದ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದೆ. ಚಟ್ ಅಂತ ಸದ್ದು. ಆ ಸದ್ದು ಗೊತ್ತು ನನಗೆ, ಮರ ಸೀಳಿದ್ದು. ಆದರೆ ಬಟ್ ನೋಡಿದರೆ ಚೆನ್ನಾಗೇ ಇದೆ! ಸೀಳಿದ್ದು ಮುಂದಿನ ಮರ. ಸಂಗತಿ ಏನಪ್ಪಾ ಅಂದ್ರೆ, ಆ ಬೋಲ್ಟಿನ ತುದಿ ಚೌಕ. ಅದು ಮುಂದಕ್ಕೆ ಬಂದು ಫೋರ್‌ಎಂಡಿನ ಹಿಂಬದಿಯಲ್ಲಿರುವ ಪುಟ್ಟ ತಗಡಿನಲ್ಲಿ ಕೂತಿರುತ್ತೆ. ಬೋಲ್ಟ್ ತಾನಾಗಿ ತಿರುಗದಿರಲಿ ಅಂತ. ಫೋರ್‌ಎಂಡ್ ಬಿಚ್ಚದೆ ಬೋಲ್ಟ್ ತಿರುಗಿಸಿದರೆ ಆ ಚೌಕ ಒಳಗಿನಿಂದ ಮರವನ್ನು ಸೀಳುತ್ತೆ. ಹವಾಲ್ದಾರ್ ಸಾಹೇಬರು ಬೈಯಲಿಲ್ಲ. ಸೀಳಿದ ಮರವನ್ನು ಒಂದು ವಾರ ನನ್ನ ಮಂಚದ ಪಕ್ಕ ಇಡಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ಗೊತ್ತಾಯಿತು, ಇಲ್ಲಿ ಮರ ಕಬ್ಬಿಣವನ್ನು ಹಿಡಿದಿದೆ, ಕಬ್ಬಿಣ ಮರವನ್ನು ಹಿಡಿದಿದೆ. ಗುಂಡು ಹಾರಿದಾಗ ಹಿಂದಕ್ಕೆ ಬರುವ ಹೊಡೆತವನ್ನು ಮೊದಲು ತಡೆಯುವುದು ಫೋರ್‌ಎಂಡಿನ ಒಳಗಿನ ಎರಡು ಪುಟ್ಟ ಮುಖಗಳು. ಹೆಬ್ಬೆರಳಿನ ಉಗುರಿನಷ್ಟು ಜಾಗ. ಅಲ್ಲಿ ಮರ ಮೆತ್ತಗಾದರೆ ಇಡೀ ರೈಫಲ್ ಮರದೊಳಗೆ ಅಲ್ಲಾಡುತ್ತೆ. ಎರಡನೇ ಮಹಾಯುದ್ಧದ ಹೊತ್ತಿಗೆ ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆಯವರು ತಮ್ಮ ನಾಡಿನ ಕೋಚ್‌ವುಡ್ ಅನ್ನುವ ಮರ ಬಳಸುತ್ತಿದ್ದರು. ಅದು ಸ್ವಲ್ಪ ಮೆದು. ಅದಕ್ಕೆ ಆ ಜಾಗದಲ್ಲಿ ತಾಮ್ರದ ತಗಡು ಕೂರಿಸಿದರು. ಇನ್ನು ನಳಿಗೆಯ ತುದಿಯ ಹತ್ತಿರ, ಮರದೊಳಗೆ, ಸ್ಪ್ರಿಂಗ್ ಮೇಲೆ ಕೂತ ಸಣ್ಣ ಗುಂಡಿಯೊಂದು ನಳಿಗೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತಿರುತ್ತೆ. ಅಷ್ಟು ಲೆಕ್ಕಾಚಾರ.

ಮರದ ಗುಣ ನಿಮಗೆ ಹೇಳಬೇಕಾಗಿಲ್ಲ. ನಮ್ಮ ದುರ್ಗದ ಸೀಮೆಯ ಬಿಸಿಲಿಗೆ ಗಾಡಿಯ ಗಾಲಿ ಒಣಗಿ ಕಬ್ಬಿಣದ ಹಳಿ ಲೊಡಲೊಡ ಅನ್ನುತ್ತಿತ್ತು. ಆಗ ಗಾಡಿಯನ್ನು ಕೆರೆಗೆ ಇಳಿಸಿ ನಿಲ್ಲಿಸುತ್ತಿದ್ದರು. ಮರ ನೀರು ಕುಡಿದು ಉಬ್ಬಿ ಹಳಿ ಮತ್ತೆ ಬಿಗಿ. ಮರ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತೆ, ಅಡ್ಡಕ್ಕೇ ಕುಗ್ಗುತ್ತೆ. ಗಾಲಿಗೆ ಅದು ವರ. ರೈಫಲ್ಲಿಗೆ ಶಾಪ.

ಈಶಾನ್ಯದ ಕಡೆ ಒಂದು ಮಳೆಗಾಲ. ಬಾಗಲಕೋಟೆ ಕಡೆಯ ಹುಡುಗನೊಬ್ಬನ ಗುಂಡೆಲ್ಲ ಬಲಕ್ಕೇ ಹೋಗುತ್ತಿದ್ದವು. ಉಸ್ತಾದ್ ಅವನಿಗೆ ದಿನಾ ಬೈಗುಳ. ನಿನ್ನ ಉಸಿರು ಸರಿಯಿಲ್ಲ, ನಿನ್ನ ಬೆರಳು ಸರಿಯಿಲ್ಲ ಅಂತ. ಹುಡುಗ ಕನ್ನಡದಲ್ಲಿ ನನ್ನ ಹತ್ತಿರ ಗೋಳಾಡಿದ. ನೋಡೋಣ ಅಂತ ಬಿಚ್ಚಿದರೆ, ಫೋರ್‌ಎಂಡಿನ ಎಡಗೋಡೆ ಉಬ್ಬಿ ನಳಿಗೆಗೆ ಒತ್ತಿಕೊಂಡಿದೆ. ನಳಿಗೆ ಉಜ್ಜಿದ ಕಡೆ ಮರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಾಳೆಯಷ್ಟು ದಪ್ಪ ಕೆರೆದು ತೆಗೆದೆ. ಮಾರನೇ ದಿನ ಅವನ ಉಸಿರೂ ಸರಿಯಾಯಿತು, ಬೆರಳೂ ಸರಿಯಾಯಿತು!

ಇದೇ ಕಾರಣಕ್ಕೆ ಸೇನೆಗಳು ಮರ ಬಿಟ್ಟವು. ಪ್ಲಾಸ್ಟಿಕ್ ಚೆಂದ ಅಂತ ಯಾರೂ ಹೋಗಲಿಲ್ಲ. ಅಮೆರಿಕದವರು ಎಂ14 ರೈಫಲ್ಲಿನ ಅಕ್ರೋಟು ಮರವನ್ನು ವಿಯೆಟ್ನಾಮಿನ ಕಾಡಿಗೆ ಒಯ್ದರು. ತೇವಕ್ಕೆ ಮರ ಉಬ್ಬಿ ಗುರಿ ತಪ್ಪತೊಡಗಿತು. ಆಮೇಲೆ ಅದಕ್ಕೆ ಫೈಬರ್‌ಗ್ಲಾಸಿನ ಮೈ ಬಂತು. ಅಷ್ಟರಲ್ಲಿ ಯೂಜೀನ್ ಸ್ಟೋನರ್ ಅನ್ನುವವರು ಅಲ್ಯೂಮಿನಿಯಂ, ಪ್ಲಾಸ್ಟಿಕ್ ಇಟ್ಟುಕೊಂಡೇ ಹೊಸ ರೈಫಲ್ ರಚಿಸಿದ್ದರು. ಅದೇ ಮುಂದೆ ಎಂ16 ಆಯಿತು. ಅದರ ಮುಂದೆ ಕೈ ಹಿಡಿಯುವ ಪ್ಲಾಸ್ಟಿಕ್ಕಿನ ಒಳಗೆ ಅಲ್ಯೂಮಿನಿಯಂ ತಗಡು ಇದೆ, ನಳಿಗೆಯ ಶಾಖ ಕೈಗೆ ತಾಗದಿರಲಿ ಅಂತ. ಅಂದ್ರೆ ಅಲ್ಲಿ ಪ್ಲಾಸ್ಟಿಕ್ಕಿಗೂ ಲೆಕ್ಕ ಇದೆ. ಅದನ್ನು ಕಿತ್ತು ಸುಮ್ನೆ ಮರ ಹಾಕಿದರೆ ಅದೂ ಷೋಕಿಯೇ.

ಮರ ಬಿಡಲು ಇನ್ನೊಂದು ಕಾರಣ, ಅದು ಒಣಗುವವರೆಗೆ ಕಾಯಬೇಕು. ಬಂದೂಕಿಗೆ ಅಕ್ರೋಟು, ಅಂದ್ರೆ ವಾಲ್‌ನಟ್ ಮರವೇ ಯಾಕೆ? ಹೊಡೆತ ತಡೆಯುತ್ತೆ, ಬೇಗ ಸೀಳುವುದಿಲ್ಲ, ಉಬ್ಬುವುದು ಕುಗ್ಗುವುದು ಕಡಿಮೆ, ಉಳಿಗೆ ಚೆನ್ನಾಗಿ ಬಗ್ಗುತ್ತೆ. ನಮ್ಮ ಬೀಟೆ ಚೆಲುವೆ, ಆದರೆ ಭಾರ. ಅಪ್ಪನ ಮೆಚ್ಚಿನ ಜಾಲಿ ಗಟ್ಟಿ, ಆದರೆ ಹೆಗಲ ಮೇಲೆ ಹೊತ್ತು ಹತ್ತು ಮೈಲಿ ನಡೆದು ನೋಡಿ! ಅಕ್ರೋಟು ಸರಿ, ಆದರೆ ಕಡಿದ ಮೇಲೆ ವರ್ಷಗಟ್ಟಲೆ ಒಣಗಿಸಬೇಕು. ಯುದ್ಧ ಅಲ್ಲಿವರೆಗೆ ಕಾಯುತ್ತಾ? ಜರ್ಮನರು 1930ರ ದಶಕದ ಕೊನೆಗೇ ಬೀಚ್ ಮರದ ತೆಳು ಹಾಳೆಗಳನ್ನು ಅಂಟಿಸಿ ಒತ್ತಿ, ಪ್ಲೈವುಡ್ ಥರ ಮಾಡಿಕೊಂಡರು. ರಷ್ಯನ್ನರ ಎಕೆ ರೈಫಲ್ಲಿನಲ್ಲಿ ಕಾಣುವ ಆ ಕೆಂಪು ಕಿತ್ತಳೆ ಮರವೂ ಬಹುಪಾಲು ಹಾಗೆ ಅಂಟಿಸಿದ ಬರ್ಚ್. ಜನ ಅದನ್ನು ನೋಡಿ, ಆಹಾ, ಏನು ಮರ ಅಂತಾರೆ. ನನಗೆ ಒಳಗೊಳಗೇ ನಗು.

ಆದರೆ ಎಕೆಯ ವಿಷಯದಲ್ಲಿ ನಾನು ಯಾರ ಜೊತೆಗೂ ಜಗಳ ಆಡುವುದಿಲ್ಲ. ಅಲ್ಲಿ ನಳಿಗೆ ಮುಂದಿನ ಮರವನ್ನು ನಂಬಿ ಕೂತಿಲ್ಲ. ಹಿಂದೆ ಎರಡು ಸ್ಕ್ರೂ ಬಿಚ್ಚಿದರೆ ಬಟ್ ಕೈಗೆ ಬರುತ್ತೆ. ಮರ ಹಾಕಿ, ಪ್ಲಾಸ್ಟಿಕ್ ಹಾಕಿ, ಅದು ತನ್ನ ಪಾಡಿಗೆ ಕೆಲಸ ಮಾಡುತ್ತೆ. ಒಂದೇ ಸಮನೆ ಹೊಡೆದರೆ ಮುಂದಿನ ಮರದಿಂದ ಹೊಗೆ ಬರುವುದೂ ಉಂಟು, ಅದು ಬೇರೆ ಮಾತು.

ತ್ರೀ ನಾಟ್ ತ್ರೀ ಆದ ಮೇಲೆ ನಮ್ಮ ಸೇನೆಗೆ ಬಂದ ಎಸ್‌ಎಲ್‌ಆರ್ ರೈಫಲ್ ಈ ಎರಡರ ಮಧ್ಯದಲ್ಲಿ ನಿಲ್ಲುತ್ತೆ. ಬ್ರಿಟಿಷರು ತಮ್ಮ ಎಸ್‌ಎಲ್‌ಆರ್‌ಗೆ ಆಮೇಲೆ ಗಾಜಿನ ನಾರು ಬೆರೆಸಿದ ಕಪ್ಪು ನೈಲಾನ್ ಹಾಕಿದರು. ನಾನು ದುರಸ್ತಿ ಮಾಡಿದ ನಮ್ಮ ಈಶಾಪುರದವೆಲ್ಲ ಮರದವೇ. ಅದರ ಬಟ್ಟಿನೊಳಗೆ ದೊಡ್ಡ ಸ್ಪ್ರಿಂಗ್ ಇರುತ್ತೆ, ಹಾಗಾಗಿ ಎಕೆಯಷ್ಟು ಸಲೀಸಾಗಿ ಬಟ್ ಬದಲಾಯಿಸುವ ಹಾಗಿಲ್ಲ. ಪರೇಡ್ ಮೈದಾನದಲ್ಲಿ 'ಸಲಾಮಿ ಶಸ್ತ್ರ್' ಅಂದಾಗ ನೂರು ಅಂಗೈ ಒಟ್ಟಿಗೆ ಮರಕ್ಕೆ ಬಡಿಯುವ ಸದ್ದು ಕೇಳಿದ್ದೀರಾ? ಪ್ಲಾಸ್ಟಿಕ್ಕಿನಲ್ಲಿ ಅದು ಬರುವುದಿಲ್ಲ. ಆಮೇಲೆ ಇನ್ಸಾಸ್ ರೈಫಲ್ ಬಂತು, ಪ್ಲಾಸ್ಟಿಕ್ ಮೈ. ಹಗುರ, ತೊಳೆದರೆ ಆಯಿತು, ಗೆದ್ದಲಿನ ಭಯ ಇಲ್ಲ. ನಮ್ಮ ಕೆಲಸ ಅರ್ಧ ಕಡಿಮೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ 1999ರಲ್ಲಿ ಕಾರ್ಗಿಲ್ಲಿನ ಚಳಿಗೆ ಅದರ ಪ್ಲಾಸ್ಟಿಕ್ ಮ್ಯಾಗಜೀನ್‌ಗಳು, ಅಂದ್ರೆ ಗುಂಡು ತುಂಬುವ ಡಬ್ಬಿಗಳು, ಬಿರುಕು ಬಿಟ್ಟ ವರದಿಗಳು ಬಂದವು. ಮರಕ್ಕೆ ಮಳೆ ವೈರಿಯಾದರೆ ಇದಕ್ಕೆ ಚಳಿ.

ಪ್ಲಾಸ್ಟಿಕ್ಕಿನ ಒಂದು ವಿಷಯ ಮಾತ್ರ ನನಗೆ ಸೇರುವುದಿಲ್ಲ. ಅದು ಮುರಿದರೆ ಮುರಿಯಿತು. ಮರ ಹಾಗಲ್ಲ. ಮರದ ಮೇಲೆ ತಗ್ಗು ಬಿದ್ದಿದೆಯಾ? ಒದ್ದೆ ಬಟ್ಟೆ ಹಾಸಿ, ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿ. ಹಬೆ ಒಳಗೆ ಇಳಿದು, ನುಗ್ಗಾಗಿದ್ದ ಎಳೆ ಉಬ್ಬಿ ಮೇಲೆ ಬರುತ್ತೆ. ನಾಲ್ಕು ಸಲ ಮಾಡಿದರೆ ತಗ್ಗು ಎಲ್ಲಿತ್ತು ಅಂತ ಹುಡುಕಬೇಕು. ಎಳೆ ಕತ್ತರಿಸಿ ಹೋಗಿದ್ದರೆ ಮಾತ್ರ ಈ ಆಟ ನಡೆಯುವುದಿಲ್ಲ.

ಈಗ ಹುಡುಗನ ಅಜ್ಜನ ರೈಫಲ್ಲಿಗೆ ಬರುತ್ತೇನೆ. ಆ ಮರ ಕಪ್ಪಾಗಿದ್ದು ವಯಸ್ಸಿಗಲ್ಲ, ಎಣ್ಣೆಗೆ. ಮನೆಯವರು ಪ್ರೀತಿಯಿಂದ ವರ್ಷ ವರ್ಷ ಆಯುಧಪೂಜೆಗೆ ಕಬ್ಬಿಣಕ್ಕೆ ಎಣ್ಣೆ ಸುರಿದಿದ್ದಾರೆ. ಆಮೇಲೆ ಬಟ್ ಕೆಳಗೆ ಮಾಡಿ ಮೂಲೆಗೆ ನಿಲ್ಲಿಸಿದ್ದಾರೆ. ಮೆಷಿನ್ ಎಣ್ಣೆ ನಿಧಾನಕ್ಕೆ ಇಳಿದು ಮರದ ಕುತ್ತಿಗೆಗೆ ಸೇರಿದೆ. ಆ ಎಣ್ಣೆ ಎಂದೂ ಒಣಗುವುದಿಲ್ಲ, ಮರವನ್ನು ಮೆತ್ತಗೆ ಮಾಡುತ್ತೆ. ನಿಮ್ಮ ಮನೆಯಲ್ಲಿ ಲೈಸೆನ್ಸ್ ಬಂದೂಕು ಇದ್ದರೆ, ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಎಣ್ಣೆ ಹಾಕಿದ ಮೇಲೆ ಒಂದೆರಡು ದಿನ ನಳಿಗೆ ಕೆಳಗೆ ಮಾಡಿ ಇಡಿ. ಅಷ್ಟು ಸಾಕು.

ಮರಕ್ಕೆ ಬೇಕಾದದ್ದು ಅಗಸೆ ಎಣ್ಣೆ. ರೊಟ್ಟಿ ಜೊತೆ ಅಗಸೆ ಚಟ್ನಿಪುಡಿ ತಿನ್ನುತ್ತೀವಲ್ಲ, ಅದೇ ಅಗಸೆ. ದಾವಣಗೆರೆಯ ಕ್ರಿಕೆಟ್ ಹುಡುಗರು ಹೊಸ ಬ್ಯಾಟಿಗೆ ಹಚ್ಚುವ ಲಿನ್‌ಸೀಡ್ ಎಣ್ಣೆಯೂ ಅದೇ. ಬ್ರಿಟಿಷರ ಕಾಲದಿಂದ ತ್ರೀ ನಾಟ್ ತ್ರೀ ಮರಕ್ಕೆ ತಿಕ್ಕಿದ್ದೂ ಅದನ್ನೇ. ಇದು ಗಾಳಿಯ ಆಮ್ಲಜನಕ ಹೀರಿಕೊಂಡು ಮರದೊಳಗೇ ಗಟ್ಟಿಯಾಗುತ್ತೆ. ಹನಿ ಹನಿ ಹಾಕಿ, ಅಂಗೈ ಬಿಸಿ ಆಗುವವರೆಗೆ ತಿಕ್ಕಬೇಕು, ಒಣಗಲು ಬಿಡಬೇಕು, ಮತ್ತೆ ತಿಕ್ಕಬೇಕು. ಅಂಗಡಿಯಲ್ಲಿ ಬಾಯಿಲ್ಡ್ ಅಂತ ಸಿಗುವುದಕ್ಕೆ ಬೇಗ ಒಣಗುವ ಮದ್ದು ಬೆರೆಸಿರುತ್ತಾರೆ, ಅದನ್ನು ಚಟ್ನಿ ಹತ್ತಿರ ಇಡಬೇಡಿ. ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೂ ಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ. ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಟ್ಟೆಯನ್ನು ನೀರಲ್ಲಿ ಅದ್ದಿ, ಬಯಲಲ್ಲಿ ಹರಡಿ.

ಹುಡುಗನಿಗೆ ಹೇಳಿದೆ, ರೈಫಲ್ ನಿಮ್ಮಪ್ಪನ ಹತ್ತಿರವೇ ಇರಲಿ, ನನ್ನ ಮನೆಗೆ ಬರಬೇಕಾದ್ದು ಮರ ಮಾತ್ರ. ಯಾವುದನ್ನು ಮೊದಲು ಬಿಚ್ಚಬೇಕು ಅಂತ ಅವರಪ್ಪನಿಗೆ ಎರಡು ಸಲ ಹೇಳಿ ಕಳಿಸಿದೆ. ಯಾಕೆ ಅಂತ ನಿಮಗೆ ಗೊತ್ತಲ್ಲ. ಬಟ್ ಈಗ ನಮ್ಮ ಮಾಳಿಗೆ ಮೇಲಿದೆ. ಮೈತುಂಬ ಸೀಮೆಸುಣ್ಣದ ಪುಡಿ ಮೆತ್ತಿ ಬಿಸಿಲಿಗೆ ಇಟ್ಟಿದ್ದೇನೆ. ಬಿಸಿಲಿಗೆ ಹಳೇ ಎಣ್ಣೆ ಮೇಲೆ ಬರುತ್ತೆ, ಪುಡಿ ಹೀರಿಕೊಳ್ಳುತ್ತೆ. ಪುಡಿ ಮೂರು ಸಲ ಹಳದಿಯಾಗಿ ಉದುರಿತು. ನಾಲ್ಕನೇ ಸಲಕ್ಕೆ ಕುತ್ತಿಗೆಯ ಹತ್ತಿರ ಮರದ ಗೆರೆ ಕಾಣಿಸಿತು. ಹುಡುಗ ದಿನಾ ಸಂಜೆ ಕಾಲೇಜಿನಿಂದ ಬಂದವನೇ ಮಾಳಿಗೆ ಹತ್ತುತ್ತಾನೆ. ಮೊನ್ನೆ ಮೊಬೈಲ್ ತೆಗೆದ. ಮತ್ತೆ ಪ್ಲಾಸ್ಟಿಕ್ ತೋರಿಸುತ್ತಾನೇನೋ ಅಂದುಕೊಂಡೆ. ಇಲ್ಲ, ಆ ಗೆರೆಯ ಫೋಟೋ ತೆಗೆದುಕೊಂಡ.

ನಮಸ್ಕಾರ.