ಮತಗಟ್ಟೆ ನಡೆಸುವ ನಾಲ್ಕು ಜನ

ಎಲ್ಲರಿಗೂ ನಮಸ್ಕಾರ.

ಮತದಾರರ ದಿನಾಚರಣೆಗೆ ನನ್ನನ್ನು ಕರೆದಿದ್ದೀರಿ, ಸಂತೋಷ. 1950ರ ಜನವರಿ 25ರಂದು ನಮ್ಮ ಚುನಾವಣಾ ಆಯೋಗ ಶುರುವಾಯಿತು. ಅಂದರೆ ಗಣರಾಜ್ಯಕ್ಕಿಂತ ಒಂದು ದಿನ ಮೊದಲು. ಅದರ ನೆನಪಿಗೆ ಈ ದಿನ. ಇಂಥ ಸಭೆಗಳಲ್ಲಿ 'ತಪ್ಪದೇ ಮತ ಹಾಕಿ' ಅಂತ ಪ್ರತಿಜ್ಞೆ ಮಾಡಿಸುವುದು ವಾಡಿಕೆ. ಅದು ಆಗಲೇ ಆಗಿದೆ. ನಾನು ಬೇರೆ ವಿಷಯಕ್ಕೆ ಬರುತ್ತೇನೆ. ಮತ ಹಾಕುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಗೆದ್ದವರ ಬಗ್ಗೆ ಇನ್ನೂ ಜಾಸ್ತಿ ಮಾತಾಡುತ್ತಾರೆ. ಮತ ಹಾಕಿಸುವವರ ಬಗ್ಗೆ ಕೇಳಿದ್ದೀರಾ? ಮೇಷ್ಟ್ರಾಗಿ ಇದ್ದಷ್ಟು ಕಾಲ ನಾನು ಚುನಾವಣಾ ಡ್ಯೂಟಿ ಮಾಡಿದವನು. ಮತಗಟ್ಟೆಯ ಅಧಿಕಾರಿ (ಪಿಒ) ಆಗಿ ಶುರು ಮಾಡಿ, ಅಲ್ಲಿನ ಮುಖ್ಯಸ್ಥ ಅಂದರೆ ಪಿಆರ್‌ಒ ಆಗಿ ಮುಗಿಸಿದೆ. ಈ ದೇಶದ ಚುನಾವಣೆ ನಿಂತಿರುವುದು ಮತಗಟ್ಟೆಯ ಮೇಜಿನ ಹಿಂದೆ ಕೂರುವ ಆ ನಾಲ್ಕು ಜನರ ಮೇಲೆ ಅಂತ ನಾನು ನಂಬುತ್ತೇನೆ. ಯಾಕೆ ಅನ್ನೋದನ್ನೇ ಇವತ್ತು ಹೇಳಬೇಕು.

ಮೊದಲು ಗಾತ್ರ ಎಷ್ಟು ಅಂತ ನೋಡೋಣ. 2024ರ ಲೋಕಸಭಾ ಚುನಾವಣೆಯಲ್ಲಿ ಪಟ್ಟಿಯಲ್ಲಿದ್ದವರು ಸುಮಾರು 97 ಕೋಟಿ. ಮತ ಹಾಕಿದವರು 64 ಕೋಟಿಗೂ ಹೆಚ್ಚು. ಮತಗಟ್ಟೆಗಳು ಹತ್ತೂವರೆ ಲಕ್ಷ. ಇವಿಎಂಗಳು 55 ಲಕ್ಷ, ವಾಹನಗಳು 4 ಲಕ್ಷ. ಸಿಬ್ಬಂದಿ, ಪೊಲೀಸರು, ಭದ್ರತಾ ಪಡೆಯವರು ಎಲ್ಲ ಸೇರಿ ಒಂದೂವರೆ ಕೋಟಿ ಜನ. ಇಷ್ಟು ಜನ ಆಯೋಗದ ನೌಕರರಲ್ಲ. ಶಾಲೆಯಿಂದ, ಬ್ಯಾಂಕಿನಿಂದ, ಪಂಚಾಯಿತಿಯಿಂದ, ನೀರಾವರಿ ಇಲಾಖೆಯಿಂದ ಕೆಲವು ದಿನಕ್ಕೆ ಎತ್ತಿಕೊಂಡು ಬಂದವರು. ಚುನಾವಣೆ ಮುಗಿಯುವವರೆಗೆ ಅವರೆಲ್ಲ ಕಾನೂನಿನ ಪ್ರಕಾರ ಆಯೋಗದ ಕೈಕೆಳಗೆ ಇರುತ್ತಾರೆ. ಮುಗಿದ ಮೇಲೆ ಮತ್ತೆ ತಮ್ಮ ತಮ್ಮ ಕೆಲಸಕ್ಕೆ. ಕಾಯಂ ಕಚೇರಿ ಸಣ್ಣದು, ಕೆಲಸ ಬೆಟ್ಟದಷ್ಟು.

ಶುರುವಿನಿಂದಲೂ ಹೀಗೇ. 1951ರ ಅಕ್ಟೋಬರ್ 25ರಂದು ಹಿಮಾಚಲದ ಚಿನಿ ಅನ್ನೋ ಕಡೆ ಮೊದಲ ಮತಗಳು ಬಿದ್ದವು. ಈಗ ಅದು ಕಿನ್ನೌರ್ ಜಿಲ್ಲೆಯಲ್ಲಿದೆ. ಹಿಮ ಬೀಳಲು ಶುರುವಾದರೆ ದಾರಿ ಮುಚ್ಚಿಹೋಗುತ್ತದೆ ಅಂತ ಅಲ್ಲಿ ಬೇಗ ಮಾಡಿದರು. ದೇಶದಲ್ಲಿ ಎಲ್ಲ ಮುಗಿದಾಗ 1952ರ ಫೆಬ್ರುವರಿ 21. ಸುಮಾರು ನಾಲ್ಕು ತಿಂಗಳು! ಸುಕುಮಾರ್ ಸೇನ್ ಆಗಿನ ಮುಖ್ಯ ಚುನಾವಣಾ ಆಯುಕ್ತರು. ಹದಿನೇಳು ಕೋಟಿ ಮತದಾರರು, ಬಹುಪಾಲು ಜನಕ್ಕೆ ಓದು ಬಾರದು. ಅದಕ್ಕೇ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಮೇಲೆ ಚಿಹ್ನೆ ಅಂಟಿಸಿದರು. ನಿಮಗೆ ಬೇಕಾದ ಚಿಹ್ನೆಯ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು.

ಆ ಚುನಾವಣೆಯ ಒಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಪಟ್ಟಿ ಬರೆಯಲು ಮನೆಮನೆಗೆ ಹೋದವರಿಗೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ, ಅಷ್ಟೇ. ವಿಶೇಷವಾಗಿ ಉತ್ತರದ ರಾಜ್ಯಗಳಲ್ಲಿ. ಹೆಸರಿಲ್ಲದೆ ಪಟ್ಟಿಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ ಅಂತ ಸೇನ್ ಪಟ್ಟು ಹಿಡಿದರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಅವರಿಗೆ ಅದು ಅನ್ಯಾಯವೇ. ಆದರೂ ಸೇನ್ ಮಾಡಿದ್ದು ಸರಿ ಅಂತ ನನಗೆ ಅನ್ನಿಸುತ್ತದೆ. ಮುಂದಿನ ಚುನಾವಣೆಗೆ ಅವರ ಹೆಸರುಗಳು ಅವರದ್ದೇ ಹೆಸರಾಗಿ ಬರಲು ದಾರಿಯಾಯಿತು. ಪಟ್ಟಿ ಅಂದರೆ ಸುಮ್ನೆ ಕಾಗದ ಅಲ್ಲ. ಅದರಲ್ಲಿ ಹೆಸರಿಲ್ಲದವರಿಗೆ ಮತಗಟ್ಟೆಯಲ್ಲಿ ನಾವು ಏನೂ ಮಾಡಿಕೊಡಲು ಆಗುವುದಿಲ್ಲ. ಕಾರ್ಡ್ ಕೈಯಲ್ಲಿ ಹಿಡಿದು, ಪಟ್ಟಿಯಲ್ಲಿ ಹೆಸರಿಲ್ಲ ಅಂತ ಅಳುತ್ತಾ ವಾಪಸ್ ಹೋದ ಅಜ್ಜಿಯರನ್ನು ನೋಡಿದ್ದೇನೆ. ನಿಮ್ಮಲ್ಲಿ ಹದಿನೇಳು ತುಂಬಿದವರು ಈಗಲೇ ಹೆಸರು ಸೇರಿಸುವ ಅರ್ಜಿ, ನಮೂನೆ 6, ತುಂಬಬಹುದು. ಹದಿನೆಂಟು ತುಂಬಿದ ಮೇಲೆ ಹೆಸರು ಸೇರುತ್ತದೆ. ಹದಿನೆಂಟು ತುಂಬಿತಾ ಅಂತ ನೋಡಲು ಜನವರಿ ಒಂದನೇ ತಾರೀಕು ಮಾತ್ರ ಅಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕನ್ನೂ ಈಗ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಿಮ್ಮ ಬಿಎಲ್‌ಒ (ನಿಮ್ಮ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವವರು) ಯಾರು ಅಂತ ವಿಚಾರಿಸಿ. ಬಹುಶಃ ನಿಮ್ಮ ಬೀದಿಯ ಅಂಗನವಾಡಿ ಟೀಚರೇ ಇರಬಹುದು.

ಈಗ ಮತದಾನದ ಹಿಂದಿನ ದಿನಕ್ಕೆ ಬರೋಣ. ನಮ್ಮ ಕಡೆ ಅದನ್ನು ಮಸ್ಟರಿಂಗ್ ಅನ್ನುತ್ತಾರೆ. ಯಾವುದೋ ಕಾಲೇಜು ಮೈದಾನ, ಶಾಮಿಯಾನ, ಸಾಲಾಗಿ ನಿಂತ ಸರ್ಕಾರಿ ಬಸ್ಸುಗಳು. ನಿಮ್ಮ ಮತಗಟ್ಟೆ ಯಾವುದು ಅಂತ ನಿಮಗೆ ಗೊತ್ತಾಗುವುದೇ ಅಲ್ಲಿ. ಅಲ್ಲಿಯವರೆಗೆ ಕಂಪ್ಯೂಟರ್ ಮೂರು ಸಲ ಹೆಸರುಗಳನ್ನು ಕಲೆಸಿರುತ್ತದೆ. ಜೊತೆಗೆ ಕೆಲಸ ಮಾಡುವ ಉಳಿದ ಮೂವರ ಮುಖವನ್ನೂ ಎಷ್ಟೋ ಸಲ ಅಲ್ಲೇ ಮೊದಲು ನೋಡುವುದು. ಇದು ಬೇಕೆಂದೇ ಮಾಡಿದ ವ್ಯವಸ್ಥೆ. ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಮೊದಲೇ ಗೊತ್ತಾಗದಿದ್ದರೆ ಅವರನ್ನು ಮೊದಲೇ ಹಿಡಿದುಕೊಳ್ಳಲು ಯಾರಿಗೂ ಆಗುವುದಿಲ್ಲ, ಅಲ್ವಾ? ಯಂತ್ರಗಳನ್ನೂ ಹೀಗೇ ಕಲೆಸುತ್ತಾರೆ. ಮೊದಲು ವಿಧಾನಸಭಾ ಕ್ಷೇತ್ರಕ್ಕೆ, ಆಮೇಲೆ ಮತಗಟ್ಟೆಗೆ. ಪಕ್ಷದವರಿಗೆ ಯಂತ್ರಗಳ ನಂಬರಿನ ಪಟ್ಟಿ ಕೊಡುತ್ತಾರೆ.

ಆಮೇಲೆ ಸಾಮಾನು ಎಣಿಸುವ ಕೆಲಸ. ಅಧಿಕಾರಿಯ ಮೇಜಿನ ಮೇಲಿರುವ ಕಂಟ್ರೋಲ್ ಯೂನಿಟ್, ಮತದಾರರು ಬಟನ್ ಒತ್ತುವ ಬ್ಯಾಲೆಟ್ ಯೂನಿಟ್, ಹಾಕಿದ ಮತವನ್ನು ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್. ಗುರುತು ಹಾಕುವ ಮತದಾರರ ಪಟ್ಟಿ, ಹಸಿರು ಪೇಪರ್ ಸೀಲ್, ಟ್ಯಾಗು, ಅರಗು, ದಾರ, ಬಣ್ಣಬಣ್ಣದ ಲಕೋಟೆಗಳು, ರಾಶಿ ನಮೂನೆಗಳು. ಜೊತೆಗೆ ಶಾಯಿ ಬಾಟಲಿ. ಆ ಶಾಯಿ ಮಾತ್ರ ನಮ್ಮ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇವತ್ತಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್. 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಅಲ್ಲಿಂದಲೇ ಶಾಯಿ. ಇವಿಎಂ ಕೂಡ ಅರ್ಧ ನಮ್ಮದೇ ಅನ್ನಬಹುದು. ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್ ಎರಡೇ ಕಂಪನಿಗಳು ಅದನ್ನು ಮಾಡುವುದು.

ಮತದಾನದ ದಿನ ಬೆಳಗ್ಗೆ ಏಳಕ್ಕೆ ಶುರು. ಯಂತ್ರ ಸರಿಯಿದೆಯಾ ಅಂತ ನೋಡುವ ಅಣಕು ಮತದಾನ ಅದಕ್ಕಿಂತ ಒಂದೂವರೆ ಗಂಟೆ ಮೊದಲು, ಐದೂವರೆಗೆ. ಶಾಲೆಯ ಬೆಂಚಿನ ಮೇಲೆ ಮಲಗಿ ಎದ್ದವರು, ಬಾವಿ ನೀರಲ್ಲೋ ಟ್ಯಾಂಕಿನ ನೀರಲ್ಲೋ ಮುಖ ತೊಳೆದು ಕೂತಿರುತ್ತಾರೆ. ಪಕ್ಷದ ಏಜೆಂಟರು ಬರುತ್ತಾರೆ. ಅವರ ಎದುರು ಕಡಿಮೆ ಅಂದರೆ 50 ಮತ ಹಾಕಿಸಬೇಕು. ನೋಟಾ ಸೇರಿ ಎಲ್ಲ ಬಟನ್ನೂ ಒತ್ತಬೇಕು. ಆಮೇಲೆ ಕಂಟ್ರೋಲ್ ಯೂನಿಟ್ಟಿನ ಕ್ಲೋಸ್, ರಿಸಲ್ಟ್, ಕ್ಲಿಯರ್ ಬಟನ್ನುಗಳು. ಕಂಟ್ರೋಲ್ ಯೂನಿಟ್ಟಿನ ಲೆಕ್ಕ, ವಿವಿಪ್ಯಾಟ್ ಚೀಟಿಯ ಲೆಕ್ಕ ಎರಡೂ ತಾಳೆಯಾಗಬೇಕು. ಪ್ರತಿ ಚೀಟಿಯ ಹಿಂದೆ ಅಣಕು ಮತದಾನದ ಮುದ್ರೆ ಹಾಕಿ, ಕಪ್ಪು ಲಕೋಟೆಯಲ್ಲಿಟ್ಟು ಸೀಲ್ ಮಾಡಬೇಕು. ಹಸಿರು ಸೀಲಿನ ಮೇಲೆ ಏಜೆಂಟರ ಸಹಿ. ಇದರಲ್ಲಿ ಆ 'ಕ್ಲಿಯರ್' ಒತ್ತುವುದು ಮರೆತರೆ ಐವತ್ತು ಸುಳ್ಳು ಮತ ನಿಜವಾದ ಮತದ ಜೊತೆ ಸೇರಿಕೊಂಡುಬಿಡುತ್ತವೆ. ಅಂಥ ತಪ್ಪುಗಳು ದೇಶದಲ್ಲಿ ಅಲ್ಲಲ್ಲಿ ಆಗಿವೆ. ಯಂತ್ರ ಕೆಟ್ಟದ್ದಲ್ಲ, ಮೋಸವೂ ಅಲ್ಲ. ರಾತ್ರಿ ಸೊಳ್ಳೆ ಕಾಟಕ್ಕೆ ನಿದ್ದೆ ಇಲ್ಲದ ಮನುಷ್ಯನ ಬೆರಳು ಒಂದು ಬಟನ್ ಬಿಟ್ಟುಬಿಟ್ಟಿತು, ಅಷ್ಟೇ.

ಏಳಕ್ಕೆ ಬಾಗಿಲು ತೆರೆದರೆ ಕೆಲಸ ಹರಿಯುತ್ತಾ ಹೋಗುತ್ತದೆ. ಮೊದಲನೆಯವರು ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಕೂಗುವುದು ಯಾಕೆ? ಏಜೆಂಟರು ಅದೇ ಊರಿನವರು. ಬೇರೆ ಯಾರೋ ಬಂದಿದ್ದರೆ ಅವರಿಗೆ ಗೊತ್ತಾಗುತ್ತದೆ. ಎರಡನೆಯವರು ರಿಜಿಸ್ಟರಿನಲ್ಲಿ ಸಹಿ ತೆಗೆದುಕೊಂಡು, ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ ಚೀಟಿ ಕೊಡುತ್ತಾರೆ. ಮೂರನೆಯವರು ಚೀಟಿ ತೆಗೆದುಕೊಂಡು ಕಂಟ್ರೋಲ್ ಯೂನಿಟ್ಟಿನ ಬಟನ್ ಒತ್ತುತ್ತಾರೆ. ಮತದಾರರು ಮತ ಒತ್ತಿದರೆ ವಿವಿಪ್ಯಾಟ್ ಕಿಟಕಿಯಲ್ಲಿ ಏಳು ಸೆಕೆಂಡ್ ಚೀಟಿ ಕಾಣುತ್ತದೆ, ಬೀಪ್ ಅನ್ನುತ್ತದೆ. ಸಂಜೆ ಆರಕ್ಕೆ ಸಾಲು ಇನ್ನೂ ಇದ್ದರೆ, ಸಾಲಿನ ಕೊನೆಯವರಿಂದ ಶುರು ಮಾಡಿ ಮುಂದಕ್ಕೆ ಚೀಟಿ ಹಂಚುತ್ತಾ ಬರಬೇಕು. ಹೀಗೆ ಮಾಡಿದರೆ ಆರರ ಮೇಲೆ ಬಂದವರು ಹಿಂದೆ ಸೇರಿಕೊಳ್ಳಲು ಆಗುವುದಿಲ್ಲ. ಈ ನಿಯಮ ಯಾರು ಯೋಚಿಸಿದರೋ, ಅವರ ಮೇಲೆ ನನಗೆ ತುಂಬ ಗೌರವ.

ಕೊನೆಗೆ ನಮೂನೆ 17ಸಿ. ಎಷ್ಟು ಮತ ಬಿತ್ತು ಅನ್ನೋದನ್ನು ಬರೆದು, ಒಬ್ಬೊಬ್ಬ ಏಜೆಂಟರಿಗೂ ಪ್ರತಿ ಕೊಡುತ್ತೇವೆ. ಎಣಿಕೆಯ ದಿನ ಅವರು ಅದನ್ನು ಹಿಡಿದುಕೊಂಡು ಬರುತ್ತಾರೆ. ನಮ್ಮನ್ನು ಯಾರೂ ಸುಮ್ನೆ ನಂಬಬೇಕಾಗಿಲ್ಲ. ಪ್ರತಿ ಹೆಜ್ಜೆಗೂ ಎದುರು ಪಕ್ಷದ ಒಬ್ಬರು ಕೂತು ನೋಡಿರುತ್ತಾರೆ, ಸಹಿ ಮಾಡಿರುತ್ತಾರೆ. ಯಂತ್ರದ ಬಗ್ಗೆ ಟಿವಿಯಲ್ಲಿ ನಡೆಯುವ ಜಗಳ ಕೇಳುವಾಗ ಈ ಹಾಳೆಯನ್ನು ಯಾರೂ ನೆನೆಯುವುದಿಲ್ಲ ಅನ್ನೋದು ನನಗೆ ಬೇಸರ. ಪಕ್ಷಗಳು ಎಲ್ಲ ಮತಗಟ್ಟೆಗೂ ತಿಳಿದವರನ್ನು ಏಜೆಂಟರಾಗಿ ಕೂರಿಸಿದರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ದೂರದ ಮತಗಟ್ಟೆಗಳ ಕಥೆ ನೀವು ಪೇಪರಿನಲ್ಲಿ ಓದಿರುತ್ತೀರಿ. ಹಿಮಾಚಲದ ತಾಶಿಗಂಗ್ 15,256 ಅಡಿ ಎತ್ತರದಲ್ಲಿದೆ. ಅರುಣಾಚಲದ ಮಾಲೋಗಾಮ್‌ನಲ್ಲಿ ಒಬ್ಬರೇ ಮತದಾರರು, ಅವರಿಗಾಗಿ ಸಿಬ್ಬಂದಿ ಸುಮಾರು 40 ಕಿಲೋಮೀಟರ್ ಬೆಟ್ಟದ ದಾರಿ ಹಿಡಿಯುತ್ತಾರೆ. ನೂರಕ್ಕೆ ನೂರು ಮೆಚ್ಚಬೇಕಾದ ಕೆಲಸ. ಆದರೆ ನಮ್ಮಲ್ಲೇ ನಡೆದ ಇನ್ನೊಂದು ಸಂಗತಿಯನ್ನೂ ಜೊತೆಗೆ ಹೇಳಲೇಬೇಕು. 2024ರ ಏಪ್ರಿಲ್ 26. ಹನೂರು ತಾಲ್ಲೂಕು, ಮಲೆ ಮಹದೇಶ್ವರ ಬೆಟ್ಟದ ಹತ್ತಿರದ ಇಂಡಿಗನತ್ತ. ರಸ್ತೆ, ನೀರಿನಂಥ ಸೌಕರ್ಯ ಇಲ್ಲ ಅಂತ ಊರವರು ಮತದಾನ ಬಹಿಷ್ಕರಿಸಿದ್ದರು. ಗಲಾಟೆಯಾಗಿ ಮತಗಟ್ಟೆಯನ್ನು ಪುಡಿ ಮಾಡಿದರು, ಇವಿಎಂ ಒಡೆದರು. ಮೂರು ದಿನದ ಮೇಲೆ ಮರುಮತದಾನ ಆಯಿತು. ಮರುಮತದಾನದಲ್ಲಿ ಶಾಯಿ ಎಡಗೈ ನಡುಬೆರಳಿಗೆ. ಆದರೆ ಮತ ಹಾಕಲು ಬಂದವರು ಕೆಲವರಷ್ಟೇ. ಮತಗಟ್ಟೆಯಲ್ಲಿ ಕೂತವರಿಗೆ ರಸ್ತೆ ಮಾಡಿಸುವ ಅಧಿಕಾರ ಇಲ್ಲ, ಅವರ ಮೇಲೆ ಕೈ ಮಾಡಿದ್ದು ತಪ್ಪು. ಹಾಗಂತ ಊರವರ ಸಿಟ್ಟು ಸುಳ್ಳಲ್ಲ. ಯಂತ್ರ, ಸಿಬ್ಬಂದಿ, ಪೊಲೀಸರನ್ನು ಒಂದೇ ದಿನದಲ್ಲಿ ಆ ಕಾಡಿನೊಳಗೆ ಮುಟ್ಟಿಸುವ ಸರ್ಕಾರಕ್ಕೆ ಬಾಕಿ ದಿನಗಳಲ್ಲಿ ನರ್ಸನ್ನು ಮುಟ್ಟಿಸಲು ಯಾಕೆ ಆಗುವುದಿಲ್ಲ?

ಅಭ್ಯರ್ಥಿಗಳ ಸಂಖ್ಯೆಯೂ ದೊಡ್ಡ ತಲೆನೋವು. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಜನ ನಿಂತಿದ್ದರು. ಅದೇ ವರ್ಷ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು. ಆದರೂ 2019ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಅರಿಶಿನ ಬೆಳೆಯುವ ರೈತರು ಗುಂಪಾಗಿ ನಿಂತು, ಒಟ್ಟು 185 ಅಭ್ಯರ್ಥಿಗಳಾದರು. ಒಂದೊಂದು ಮತಗಟ್ಟೆಗೂ ಹನ್ನೆರಡು ಬ್ಯಾಲೆಟ್ ಯೂನಿಟ್ ಜೋಡಿಸಬೇಕಾಯಿತು.

2024ರ ಮತದಾನಕ್ಕೆ ಏಳು ಹಂತ ಯಾಕೆ ಅಂತ ನೀವು ಕೇಳಬಹುದು. ಮುಖ್ಯ ಕಾರಣ ಕೇಂದ್ರ ಭದ್ರತಾ ಪಡೆ. ಇರುವ ತುಕಡಿಗಳನ್ನೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ರೈಲಿನಲ್ಲಿ ಸಾಗಿಸಬೇಕು. 1980ರ ಜನವರಿಯಲ್ಲಿ ನಾಲ್ಕೇ ದಿನದೊಳಗೆ ದೇಶದ ಮತದಾನ ಮುಗಿದಿತ್ತು. ಆ ಕಾಲದಲ್ಲಿ ಮತಗಟ್ಟೆ ವಶಪಡಿಸಿಕೊಳ್ಳುವ ದಾಂಧಲೆ ಎಷ್ಟಿತ್ತು ಅನ್ನೋದನ್ನು ಹಿರಿಯರನ್ನು ಕೇಳಿ. ಅದಕ್ಕೆ ಕಡಿವಾಣ ಬಿದ್ದಿದ್ದರಲ್ಲಿ ಈ ಪಡೆಗಳ ಪಾಲು ದೊಡ್ಡದು. ಹಂತ ಜಾಸ್ತಿ ಆದಷ್ಟೂ ಚುನಾವಣೆ ಬೇಸಿಗೆಗೆ ಎಳೆದುಕೊಂಡು ಹೋಗುತ್ತದೆ. 2024ರಲ್ಲಿ ಏಪ್ರಿಲ್ 19ರಿಂದ ಜೂನ್ 1ರವರೆಗೆ, 44 ದಿನ ನಡೆಯಿತು. ನಮ್ಮ ಉತ್ತರ ಕರ್ನಾಟಕ ಮೇ 7ರ ಬಿಸಿಲಿನಲ್ಲಿ ಮತ ಹಾಕಿತು. ಕೊನೆಯ ಹಂತದ ದಿನ ಉತ್ತರ ಪ್ರದೇಶ ಒಂದರಲ್ಲೇ ಬಿಸಿಲಿಗೆ 33 ಚುನಾವಣಾ ಸಿಬ್ಬಂದಿ ಸತ್ತರು ಅಂತ ಆ ರಾಜ್ಯದ ಮುಖ್ಯ ಚುನಾವಣಾಧಿಕಾರಿಯೇ ಹೇಳಿದರು. ಮೂವತ್ತಮೂರು ಜನ. ಮತ ಎಣಿಕೆಯ ಗದ್ದಲದಲ್ಲಿ ಅವರ ಸುದ್ದಿ ಮುಳುಗಿಹೋಯಿತು.

ಅದಕ್ಕೇ ನಾನು ಎಲ್ಲಿ ಹೋದರೂ ಕೇಳುವುದು ಕೆಲವೇ ಸಂಗತಿ. ಮತದಾನವನ್ನು ಫೆಬ್ರುವರಿ, ಮಾರ್ಚಿನೊಳಗೆ ಮುಗಿಸಲು ಕಾನೂನಿನಲ್ಲಿ ದಾರಿ ಇದೆ. ಲೋಕಸಭೆಯ ಅವಧಿ ಮುಗಿಯುವ ಆರು ತಿಂಗಳು ಮೊದಲೇ ಅಧಿಸೂಚನೆ ಹೊರಡಿಸಬಹುದು, ಅದನ್ನು ಬಳಸಿಕೊಳ್ಳಿ. ಮಹಿಳಾ ಸಿಬ್ಬಂದಿ ಮಲಗುವ ಶಾಲೆಗೆ ಚಿಲಕ ಇರುವ ಶೌಚಾಲಯ ಇದೆಯಾ ಅಂತ ಹಿಂದಿನ ವಾರವೇ ಒಬ್ಬರು ಹೋಗಿ ನೋಡಿ ಬರಲಿ. ಮತ್ತೆ ಡಿ-ಮಸ್ಟರಿಂಗ್, ಅಂದರೆ ಮತದಾನ ಮುಗಿದ ಮೇಲೆ ಯಂತ್ರ, ಲಕೋಟೆ ವಾಪಸ್ ಒಪ್ಪಿಸುವುದು. ಹನ್ನೆರಡು ಗಂಟೆ ದುಡಿದವರು ಯಂತ್ರ ಮಡಿಲಲ್ಲಿಟ್ಟುಕೊಂಡು, ಒಂದು ಲಕೋಟೆ ಸರಿಯಿಲ್ಲ ಅಂತ ಸಾಲಿನಿಂದ ವಾಪಸ್ ಬಂದು, ರಾತ್ರಿ ಎರಡರವರೆಗೆ ನಿಲ್ಲುವುದನ್ನು ನಾನು ಕಂಡಿದ್ದೇನೆ. ಆ ಹೊತ್ತಿಗೆ ಊರಿಗೆ ಬಸ್ಸೂ ಇರುವುದಿಲ್ಲ. ಅಲ್ಲಿ ಕೌಂಟರುಗಳನ್ನು ದುಪ್ಪಟ್ಟು ಮಾಡಿ, ಮನೆ ಕಡೆ ಹೋಗುವ ಬಸ್ಸನ್ನು ಕಾಯಲು ಹೇಳಿ, ಮಾರನೇ ದಿನ ರಜೆ ಕೊಡಿ.